ತೋಟದಂಚಿನ ನೆರಳಿಗೆ ಅಕ್ವಿಲೇಜಿಯಾ ಬೀಜ ಬಂದಿದೆ, ಶಿರಸಿಯಲ್ಲಿ ಬದುಕೀತೇ?

ಹಿತ್ತಲಂಚು, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂದೆ, ಅಡಿಕೆ ತೋಟ ಮುಗಿದು ಬೆಟ್ಟ ಶುರುವಾಗುವ ಕಡೆ ಒಂದು ಪಟ್ಟಿ ಜಾಗವಿದೆ. ಮೇಲೆ ಹಲಸು, ಮತ್ತಿ, ಒಂದು ಮುರುಗಲು ಮರ. ಬೆಳಿಗ್ಗೆ ಸ್ವಲ್ಪ ಹೊತ್ತು ಓರೆ ಬಿಸಿಲು ಬೀಳುತ್ತದೆ, ಆಮೇಲೆ ದಿನವಿಡೀ ನೆರಳು. ವರ್ಷವರ್ಷದ ದರಕು (ಉದುರಿದ ಒಣ ಎಲೆ) ಕೊಳೆತು ಮಣ್ಣು ಕಪ್ಪಗಾಗಿದೆ. ಗುದ್ದಲಿ ಬೇಡ, ಕೈಯಲ್ಲೇ ಕೆದಕಬಹುದು. ಆದರೂ ಅಲ್ಲಿ ಹೂವಿಲ್ಲ. ದಾಸವಾಳ ಬರೀ ಸೊಪ್ಪಾಗಿ ಬೆಳೆಯುತ್ತದೆ, ಮೊಗ್ಗು ಕಟ್ಟುವುದಿಲ್ಲ. ಸೇವಂತಿಗೆ ಬಿಸಿಲು ಹುಡುಕಿಕೊಂಡು ಒಂದೇ ಕಡೆ ವಾಲುತ್ತದೆ.

ತಂಗಿಯ ಮಗಳು ಹಿಮಾಚಲದಲ್ಲಿ ಕೆಲಸದಲ್ಲಿದ್ದಾಳೆ. ಅವಳ ಮನೆಯ ಒಡತಿ ದೇವದಾರು ಮರಗಳ ಬುಡದಲ್ಲಿ ಅಕ್ವಿಲೇಜಿಯಾ ಬೆಳೆಸಿದ್ದಾರೆ. ಕೊಲಂಬೈನ್ ಎಂದೂ ಕರೆಯುತ್ತಾರೆ. ನೀಲಿ ಹೂವು, ಒಳಗೆ ಬಿಳಿ, ಹಿಂಬದಿಯಲ್ಲಿ ಐದು ಬಾಗಿದ ಬಾಲ. ಫೋಟೋ ನೋಡಿ ನಾನು ಆಸೆಪಟ್ಟೆ, ಈ ಸಲ ಬಂದ ಬೀಜವನ್ನು ಆಕೆ ಕಾಗದದಲ್ಲಿ ಕಟ್ಟಿ ಅಂಚೆಯಲ್ಲಿ ಕಳಿಸಿಕೊಟ್ಟಿದ್ದಾರೆ. ಸಾಸಿವೆಗಿಂತ ಸಣ್ಣ, ಕಪ್ಪು, ಎಣ್ಣೆ ಹಚ್ಚಿದಷ್ಟು ಹೊಳಪು. ಜೊತೆಗೆ ಒಂದು ಚೀಟಿ: “ನಿಮ್ಮ ಊರಿನ ನೆರಳಿನಲ್ಲಿ ಬೆಳೆಯುವುದನ್ನು ನನಗೂ ಕಳಿಸಿ.”

ಕೇಳಬೇಕಾದದ್ದು ಎರಡು. ಈ ಬೀಜವನ್ನು ಇಲ್ಲಿ ಹೇಗೆ, ಯಾವಾಗ ಹಾಕಬೇಕು? ಫ್ರಿಜ್‌ನಲ್ಲಿ ಇಡಬೇಕು ಎನ್ನುತ್ತಾರೆ, ಹೌದೇ? ಮತ್ತು ಆಕೆಗೆ ಇಲ್ಲಿಂದ ಏನು ಕಳಿಸಲಿ? ಬೀಜ ಪಡೆದು ಬೀಜ ಕೊಡದೆ ಕೂರುವ ಅಭ್ಯಾಸ ನಮ್ಮ ಮನೆಯಲ್ಲಿ ಇಲ್ಲ.

ಕಾಳಿ ದಂಡೆ, ಕಾರವಾರ

ಶಿರಸಿಯಲ್ಲಿ ಏನಾದೀತೋ ಹೇಳಲಾರೆ, ನಮ್ಮ ಕರಾವಳಿಯಲ್ಲಿ ಆಸೆ ಬಿಡಬೇಕು. ಜನವರಿಯಲ್ಲೂ ಮಧ್ಯಾಹ್ನ ಬೆವರುವ ಊರು ಇದು.

ಬೀಜದ ಬುಟ್ಟಿ, ಸಿದ್ದಾಪುರ

ಅಕ್ಕಾ, ಫ್ರಿಜ್ ಮಾತು ನಿಜ. ಅಕ್ವಿಲೇಜಿಯಾ ಉತ್ತರ ಗೋಳದ ಚಳಿ ಪ್ರದೇಶದ ಗಿಡ. ಅದರ ಬೀಜ ಬೇಸಿಗೆಯಲ್ಲಿ ಉದುರಿ, ಹಿಮದ ತಿಂಗಳುಗಳನ್ನು ಒದ್ದೆ ಮಣ್ಣಿನಲ್ಲಿ ಕಳೆದು, ವಸಂತದಲ್ಲಿ ಮೊಳೆಯುತ್ತದೆ. ಆ ಚಳಿಗಾಲವನ್ನು ನಾವು ಫ್ರಿಜ್‌ನಲ್ಲಿ ಒದಗಿಸಬೇಕು.

ಈಗಲೇ ಮುಟ್ಟಬೇಡಿ. ಮಳೆ ಕಡಿಮೆಯಾಗುವವರೆಗೆ ಬೀಜ ಒಣಗಿಯೇ ಇರಲಿ. ಅಕ್ಟೋಬರ್ ಶುರುವಿನಲ್ಲಿ ತೊಳೆದ ಹೊಳೆ ಮರಳನ್ನು ಒದ್ದೆ ಮಾಡಿ, ಮುಷ್ಟಿಯಲ್ಲಿ ಹಿಂಡಿದರೆ ಹನಿ ಬೀಳದಷ್ಟು ತೇವ ಉಳಿಸಿಕೊಂಡು, ಅದರಲ್ಲಿ ಬೀಜ ಕಲಸಿ ಸಣ್ಣ ಡಬ್ಬಿಯಲ್ಲಿ ಮುಚ್ಚಿಡಿ. ತರಕಾರಿ ಇಡುವ ಕೆಳಗಿನ ಖಾನೆ ಸರಿ, ಬರ್ಫ ಕಟ್ಟುವ ಕಡೆ ಬೇಡ. ಮೂರ್ನಾಲ್ಕು ವಾರ ಇರಲಿ. ವಾರಕ್ಕೊಮ್ಮೆ ತೆರೆದು ನೋಡಿ, ಬೂಷ್ಟು ಬಂದಿದ್ದರೆ ಮರಳು ಬದಲಿಸಿ.

ಆಮೇಲೆ ಆಳದ ಕುಂಡಕ್ಕೆ ದರಕಿನ ಗೊಬ್ಬರ ಅರ್ಧ, ದಪ್ಪ ಮರಳು ಅರ್ಧ ತುಂಬಿಸಿ, ಮೇಲೆ ಬೀಜ ಉದುರಿಸಿ ಅಂಗೈಯಿಂದ ಒತ್ತಿ. ಮಣ್ಣು ಮುಚ್ಚಬೇಡಿ. ಈ ಬೀಜಕ್ಕೆ ಮೊಳೆಯಲು ಬೆಳಕು ಬೇಕು, ಬಹಳ ಜನ ಎಡವುವುದು ಅಲ್ಲಿಯೇ. ಮೊಳಕೆ ಬರಲು ತಿಂಗಳು ಹಿಡಿದರೂ ಕುಂಡ ಕೆದಕಬೇಡಿ. ಬೇರು ಕೆಳಗೆ ನೇರವಾಗಿ ಇಳಿಯುತ್ತದೆ, ದೊಡ್ಡದಾದ ಮೇಲೆ ಕಿತ್ತು ನೆಟ್ಟರೆ ಸಹಿಸುವುದಿಲ್ಲ. ನಾಲ್ಕು ಎಲೆ ಬಂದಾಗಲೇ ಜಾಗ ಬದಲಿಸಿ.

ಇಷ್ಟರವರೆಗೆ ಕಷ್ಟವಿಲ್ಲ. ಕಷ್ಟ ಜೂನ್ ತಿಂಗಳದ್ದು. ಗಿಡದ ಬುಡದಲ್ಲಿ ನೀರು ನಿಂತರೆ ಸುಳಿ ಕೊಳೆಯುತ್ತದೆ. ನಮ್ಮ ಮಳೆ ನಿಮಗೆ ಗೊತ್ತೇ ಇದೆ.

ಮತ್ತಿ ನೆರಳು, ಯಲ್ಲಾಪುರ

ಮೊಳೆಯುವುದು ಒಂದು, ಹೂ ಬಿಡುವುದು ಇನ್ನೊಂದು. ಅಕ್ವಿಲೇಜಿಯಾ ಸಾಮಾನ್ಯವಾಗಿ ಎರಡನೆಯ ವರ್ಷ ಹೂ ಬಿಡುವ ಗಿಡ. ಅದಕ್ಕೂ ಮುಂಚೆ ಬೆಳೆದ ಗಿಡಕ್ಕೆ ವಾರಗಟ್ಟಲೆ 5 ಡಿಗ್ರಿಯ ಆಸುಪಾಸಿನ ಚಳಿ ಸಿಗಬೇಕು. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ನಮ್ಮ ಚಳಿಗಾಲದ ಒಳ್ಳೆಯ ರಾತ್ರಿ ಎಂದರೆ 13-14 ಡಿಗ್ರಿ. ಬೀಜವನ್ನು ಫ್ರಿಜ್‌ನಲ್ಲಿ ಇಡಬಹುದು, ಗಿಡವನ್ನು ಎಲ್ಲಿ ಇಡುತ್ತೀರಿ?

ಹೇಳಬೇಕೆಂದದ್ದು ಇನ್ನೊಂದಿದೆ. ಅಕ್ಕ ಆ ಹೂವಿನಲ್ಲಿ ಮೆಚ್ಚಿದ್ದು ಏನು? ಹಿಂಬದಿಯ ಬಾಗಿದ ಬಾಲ, ಅಲ್ಲವೇ? ಅದು ಮಕರಂದದ ಕೊಳವೆ. ಐದು ಎಸಳಿಗೆ ಐದು ಕೊಳವೆ, ಪ್ರತಿಯೊಂದರ ತುದಿಯಲ್ಲಿ ಮಕರಂದ. ಉದ್ದ ನಾಲಿಗೆಯ ದುಂಬಿ, ಪತಂಗಗಳಿಗೆಂದೇ ಗಿಡ ಮಾಡಿಕೊಂಡ ಏರ್ಪಾಡು. ಅದೇ ಏರ್ಪಾಡು ನಮ್ಮ ಕರ್ಣಕುಂಡಲದಲ್ಲಿ, ಅಂದರೆ ಇಂಪೇಶಿಯನ್ಸ್ ಕುಲದ ಬಾಲ್ಸಮ್‌ನಲ್ಲಿ ಇದೆ! ಹೂವನ್ನು ತಿರುಗಿಸಿ ಹಿಂದೆ ನೋಡಿ. ನೂಲಿನಷ್ಟು ತೆಳುವಾದ ಒಂದು ಕೊಳವೆ ಕೆಳಕ್ಕೆ ಬಾಗಿ ನಿಂತಿರುತ್ತದೆ. ಅದನ್ನು ಚಿವುಟಿ ನಾಲಿಗೆಗೆ ಮುಟ್ಟಿಸಿದರೆ ಸಣ್ಣ ಸಿಹಿ. ಪಶ್ಚಿಮ ಘಟ್ಟದಲ್ಲಿ ಈ ಕುಲದ ನೂರಕ್ಕೂ ಹೆಚ್ಚು ಜಾತಿಗಳಿವೆ, ಹೆಚ್ಚಿನವು ಜಗತ್ತಿನ ಬೇರೆಲ್ಲೂ ಇಲ್ಲ. ಆಷಾಢದಲ್ಲಿ ಘಟ್ಟದ ರಸ್ತೆಯ ಕಡಿದ ದರೆಗಳನ್ನು ನೋಡಿ. ನೀರು ಜಿನುಗುವ ಬಂಡೆಗೆ ಅಂಟಿಕೊಂಡು ಇಂಪೇಶಿಯನ್ಸ್ ಅಕಾಲಿಸ್ ಅರಳಿರುತ್ತದೆ, ಅದರ ಕೊಳವೆ ಹೂವಿಗಿಂತ ಉದ್ದ. ನೆರಳು, ಜಿಟಿಜಿಟಿ ಮಳೆ, ಕೊಳೆತ ಎಲೆಯ ಮಣ್ಣು ಮೂರನ್ನೂ ಬೇಡುವ ಹೂವು ಮನೆ ಬಾಗಿಲಲ್ಲೇ ಇರುವಾಗ ಹಿಮದ ಗಿಡವನ್ನು ಕರೆತಂದು ಕೊಳೆಸುವುದು ಏಕೆ?

ಡೇರೆ ಅಂಗಳ, ಶಿರಸಿ

ಮತ್ತಿ ನೆರಳು ಅಣ್ಣಾ, ಕೊನೆಯ ಸಾಲು ಒಪ್ಪುವುದಿಲ್ಲ. ನಮ್ಮ ಅಂಗಳದ ತುಂಬ ಈಗ ಅರಳಿರುವ ಡೇರೆ (ಡೇಲಿಯಾ) ಯಾವ ಊರಿನದು? ಮೆಕ್ಸಿಕೋದ್ದು. ಅಜ್ಜಿಯ ಕಾಲದಲ್ಲಿ ಯಾರೋ ಒಬ್ಬರು ಗಡ್ಡೆ ತಂದು ನೆಡದೇ ಹೋಗಿದ್ದರೆ ಮಲೆನಾಡಿನ ಮಳೆಗಾಲಕ್ಕೆ ಡೇರೆಯೇ ಇರುತ್ತಿರಲಿಲ್ಲ. ತೋಟದ ಮೆಣಸಿನ ಬಳ್ಳಿ ನಮ್ಮದು, ಅಡುಗೆಮನೆಯ ಹಸಿಮೆಣಸು ಅಮೆರಿಕ ಖಂಡಗಳ ಕಡೆಯದು. ಬೀಜ ಯಾವಾಗಲೂ ಊರು ಬಿಟ್ಟು ಊರಿಗೆ ಹೋಗಿದೆ, ಅದನ್ನು ಒಯ್ದವರು ಹೆಚ್ಚಾಗಿ ಹೆಂಗಸರು, ಸೆರಗಿನ ತುದಿಯಲ್ಲಿ ಕಟ್ಟಿಕೊಂಡು. ಅಕ್ಕ ಹಾಕಲಿ ಬಿಡಿ.

ಮತ್ತಿ ನೆರಳು, ಯಲ್ಲಾಪುರ

ತಂಗೀ, ಡೇರೆ ಬೇಲಿ ದಾಟಿ ಬೆಟ್ಟಕ್ಕೆ ಹೋಗಲಿಲ್ಲ. ಚಂದಕ್ಕೆಂದು ತಂದ ಲಂಟಾನಾ ಹೋಯಿತು. ಹಳದಿ ಹೂವಿನ ನೆಲಹೊದಿಕೆ ವೆಡೇಲಿಯಾವನ್ನು ಉದ್ಯಾನಕ್ಕೆಂದು ತಂದರು, ಇವತ್ತು ಅದು ಎಲ್ಲೆಲ್ಲಿ ಗಟಾರದ ಅಂಚು ಹಿಡಿದಿದೆ ನೋಡಿ, ಅಡಿಯಲ್ಲಿ ಒಂದು ಹುಲ್ಲು ಏಳುವುದಿಲ್ಲ. ನೆರಳಿನ ಜಾಗಕ್ಕೆ ನರ್ಸರಿಯವರು ಕೊಡುವ ಆಫ್ರಿಕಾ ಮೂಲದ ಇಂಪೇಶಿಯನ್ಸ್ ಕೂಡ ತಾನೇ ಬೀಜ ಸಿಡಿಸಿಕೊಂಡು ಹಬ್ಬುವ ಗಿಡ. ಬೆಟ್ಟದ ಅಂಚಿನಲ್ಲಿ ಹೊಸ ಗಿಡ ನೆಡುವವರು ಎರಡು ಸಲ ಯೋಚಿಸಬೇಕು, ಅಷ್ಟೇ.

ಕಾಳಿ ದಂಡೆ, ಕಾರವಾರ

ಅಕ್ವಿಲೇಜಿಯಾ ಹಬ್ಬುವ ಭಯವೇ? ಮೊದಲು ಒಂದು ಮಳೆಗಾಲ ದಾಟಲಿ.

ಹಿತ್ತಲಂಚು, ಶಿರಸಿ

ಇಬ್ಬರ ಮಾತೂ ಓದಿದೆ. ಹಾಕುವುದಂತೂ ಹಾಕುತ್ತೇನೆ, ಕುಂಡದಲ್ಲಿ. ಮಳೆಗಾಲಕ್ಕೆ ಸೂರಿನಡಿ ಜಗುಲಿಗೆ ಎತ್ತಿಡುತ್ತೇನೆ. ಹೂ ಬಿಡದಿದ್ದರೂ ಅದರ ಎಲೆ ಚಂದವಿದೆ, ಮೂರು ಮೂರಾಗಿ ಸೀಳಿದ ಬೂದುಹಸಿರು ಎಲೆ. ಕರ್ಣಕುಂಡಲದ ಕೊಳವೆಯನ್ನು ಈಗಷ್ಟೇ ಹೋಗಿ ನೋಡಿ ಬಂದೆ. ಇಷ್ಟು ವರ್ಷ ಚೌತಿಗೆ ಅದೇ ಹೂ ಕೊಯ್ದಿದ್ದೇನೆ, ತಿರುಗಿಸಿ ನೋಡಿರಲಿಲ್ಲ.

ಆಕೆಗೆ ಕಳಿಸಲು ಅದೇ ಸರಿ ಎನಿಸುತ್ತದೆ. ಆದರೆ ಅದರ ಕಾಯಿ ಕೈಗೆ ಸಿಗುವುದೇ ಇಲ್ಲವಲ್ಲ! ಮುಟ್ಟಿದರೆ ಸಿಡಿದು ಬೀಜವೆಲ್ಲ ನೆಲದ ಪಾಲು. ಈ ಮಳೆಯಲ್ಲಿ ಒಣಗಿಸುವುದು ಹೇಗೆ?

ಬೆಟ್ಟದ ಜೇನು, ಸಿದ್ದಾಪುರ

ಗೌರಿ ಹೂ ಎಂದು ನಮ್ಮ ಕಡೆ ಹೇಳುವುದು ಇದನ್ನೇ ಅಲ್ಲವೇ? ಬೇಲಿಯ ಮೇಲೆ ಬೆಂಕಿ ಬಣ್ಣದಲ್ಲಿ ಅರಳುವ ಬಳ್ಳಿಯನ್ನೂ ಕೆಲವರು ಹಾಗೆಯೇ ಕರೆಯುತ್ತಾರೆ. ಕಳಿಸುವಾಗ ಬೆರಕೆಯಾಗದಂತೆ ನೋಡಿಕೊಳ್ಳಿ, ಆ ಬಳ್ಳಿಯ ಗಡ್ಡೆ ಭಾರೀ ವಿಷ.

ಬೀಜದ ಬುಟ್ಟಿ, ಸಿದ್ದಾಪುರ

ಹೌದು, ಇಲ್ಲಿ ಮಾತಾಡುತ್ತಿರುವುದು ಬಾಲ್ಸಮ್, ಇಂಪೇಶಿಯನ್ಸ್ ಬಾಲ್ಸಮಿನಾ. ವಿಷದ ಮಾತು ಬಂದದ್ದು ಒಳ್ಳೆಯದಾಯಿತು: ಅಕ್ವಿಲೇಜಿಯಾದ ಬೀಜ, ಬೇರು ಕೂಡ ತಿನ್ನುವಂಥದ್ದಲ್ಲ. ಮಕ್ಕಳ ಕೈಗೆ, ಕರುವಿನ ಬಾಯಿಗೆ ಸಿಗದ ಕಡೆ ಕುಂಡ ಇರಲಿ.

ಹೂದಾನದ ಅತ್ತೆ, ಶಿರಸಿ

ಕರ್ಣಕುಂಡಲದ ಬೀಜ ಹಿಡಿಯುವ ಕೆಲಸ ನನ್ನದು, ಕೇಳು ಮಗಳೇ.

ಮೊದಲು ಬೀಜಕ್ಕೆ ಒಂದು ಗಿಡ ಬಿಡಬೇಕು. ಚೌತಿ ಬಂದರೆ ಅಕ್ಕಪಕ್ಕದವರೆಲ್ಲ ಹೂವಿಗೆ ಬರುತ್ತಾರೆ, ಇಲ್ಲ ಎನ್ನಲಾಗುವುದಿಲ್ಲ. ಅದಕ್ಕೇ ಒಳ್ಳೆಯ ಬಣ್ಣದ, ಗಟ್ಟಿ ದಂಟಿನ ಗಿಡಕ್ಕೆ ಕೆಂಪು ನೂಲು ಕಟ್ಟಿಬಿಡುತ್ತೇನೆ. ನೂಲು ಕಟ್ಟಿದ್ದನ್ನು ಯಾರೂ ಕೊಯ್ಯುವ ಹಾಗಿಲ್ಲ, ಮೊಮ್ಮಕ್ಕಳೂ ಸಹ.

ಕಾಯಿ ಮೊದಲು ಕಡುಹಸಿರು, ಮೇಲೆ ಬಿಳಿ ತುಪ್ಪಳ. ಬಲಿಯುತ್ತ ಬಂದಂತೆ ನಡುವೆ ಉಬ್ಬಿ ಬಣ್ಣ ತಿಳಿಯಾಗುತ್ತದೆ. ಬೆಳಕಿಗೆ ಹಿಡಿದರೆ ಒಳಗಿನ ಬೀಜದ ನೆರಳು ಕಾಣುತ್ತದೆ. ಸೀಳುವ ಗೆರೆಗಳು ಹಳದಿಗೆ ತಿರುಗಿದವೆಂದರೆ ಅದೇ ದಿನ ಹಿಡಿಯಬೇಕು. ಎಡಗೈಯನ್ನು ಬಟ್ಟಲು ಮಾಡಿ ಕಾಯಿಯ ಸುತ್ತ ಮುಚ್ಚಿ, ಬಲಗೈಯಲ್ಲಿ ತೊಟ್ಟು ಚಿವುಟಬೇಕು. ಮುಷ್ಟಿಯೊಳಗೇ ಸಿಡಿಯುತ್ತದೆ. ಸಿಪ್ಪೆ ಸುರುಳಿ ಸುತ್ತಿಕೊಂಡು ಅಂಗೈಗೆ ಕಚಗುಳಿ ಇಡುತ್ತದೆ, ಒಂದು ಬೀಜ ಆಚೆ ಹೋಗುವುದಿಲ್ಲ. ದಿನವೂ ನೋಡಲು ಪುರುಸೊತ್ತು ಇಲ್ಲದವರು ತೆಳು ಮಲ್ಲಿನ ಬಟ್ಟೆಯ ಚೀಲ ಹೊಲಿದು ಕಾಯಿಗೆ ಸಡಿಲವಾಗಿ ಕಟ್ಟಲಿ, ಅದು ತನ್ನ ಪಾಡಿಗೆ ಸಿಡಿದು ಚೀಲದಲ್ಲೇ ಉಳಿಯುತ್ತದೆ.

ಕಂದು ಬಣ್ಣಕ್ಕೆ ಬಂದ ಬೀಜ ಮಾತ್ರ ಇಟ್ಟುಕೋ, ಬಿಳಿಯದು ಎಳೆಯದು. ಕಾಗದದ ಮೇಲೆ ಹರಡಿ ಒಲೆ ಇರುವ ಕೋಣೆಯಲ್ಲಿ ಇಡು. ಒಲೆಯ ಮೇಲೆ ಬೇಡ, ಕಾವಿಗೆ ಬೀಜ ಸತ್ತುಹೋಗುತ್ತದೆ. ಒಣಗಿದ ಮೇಲೆ ಜರಡಿ ಹಿಡಿದ ತಣ್ಣನೆಯ ಬೂದಿಯಲ್ಲಿ ಕಲಸಿ ಸೀಸೆಯಲ್ಲಿ ತುಂಬು.

ಕಾಳಿ ದಂಡೆ, ಕಾರವಾರ

ಅತ್ತೆ, ಬೂದಿಗೆ ನಮ್ಮ ಕಡೆಯಿಂದ ವಿರೋಧವಿದೆ. ಸಮುದ್ರದ ಗಾಳಿಗೆ ಬೂದಿಯೇ ತೇವ ಎಳೆದುಕೊಂಡು ಗಟ್ಟಿಯಾಗುತ್ತದೆ. ಅಕ್ಕಿಯನ್ನು ಹುರಿದು, ಆರಿದ ಮೇಲೆ ಬಟ್ಟೆಯ ಗಂಟು ಕಟ್ಟಿ ಸೀಸೆಯ ತಳಕ್ಕೆ ಹಾಕಿ, ಮೇಲೆ ಬೀಜದ ಕಾಗದದ ಪೊಟ್ಟಣ ಇಟ್ಟು ಬಿಗಿ ಮುಚ್ಚಳ ಹಾಕಿದರೆ ಮುಂದಿನ ಮೃಗಶಿರಾ ಮಳೆಯವರೆಗೆ ಚಿಂತೆಯಿಲ್ಲ.

ಹೂದಾನದ ಅತ್ತೆ, ಶಿರಸಿ

ಕರಾವಳಿಗೆ ಅದೇ ಸರಿ ಇರಬಹುದು ತಮ್ಮಾ. ಘಟ್ಟದ ಮೇಲೆ, ದಿನವೂ ಒಲೆ ಉರಿಯುವ ಮನೆಯಲ್ಲಿ ಬೂದಿ ಕೈಕೊಟ್ಟಿಲ್ಲ. ಮೊಗೆಕಾಯಿ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ಹೊಡೆದಿಡುವುದನ್ನು ನಿಮ್ಮ ಕಡೆ ಈಗಲೂ ಮಾಡುತ್ತಾರೆಯೇ?

ಕಾಳಿ ದಂಡೆ, ಕಾರವಾರ

ಗೋಡೆಗೆಲ್ಲ ಬಣ್ಣ ಬಂದಿದೆ ಅತ್ತೆ. ಕೊಟ್ಟಿಗೆಯ ಗೋಡೆ ಉಳಿಸಿಕೊಂಡವರು ಮಾಡುತ್ತಾರೆ.

ಅಬ್ಬಲಿಗೆ ದಂಡೆ, ಅಂಕೋಲಾ

ಹಿಮಾಚಲದ ಅಕ್ಕನಿಗೆ ಅಬ್ಬಲಿಗೆಯನ್ನು ಬಿಟ್ಟು ಬೇರೆ ಏನು ಕಳಿಸುತ್ತೀರಿ? ತೆಂಗಿನ ಮರದ ಚೆಲ್ಲು ನೆರಳಿನಲ್ಲಿ ನಮ್ಮ ಕರಾವಳಿಯ ಉದ್ದಕ್ಕೂ ಅದೇ. ಕಾರವಾರದ ಕಡೆ ಕೊಂಕಣಿಯಲ್ಲಿ ಅಬೋಲಿ ಎನ್ನುತ್ತಾರೆ, ಪೇಟೆಯಲ್ಲಿ ಕನಕಾಂಬರ.

ಅದರ ಬೀಜವೂ ಸಿಡಿಯುವುದೇ, ಆದರೆ ಅದಕ್ಕೆ ನೀರು ಬೇಕು. ತೆನೆ ಒಣಗಿ ಕಂದಾಗಿ ಬೇಸಿಗೆಯಿಡೀ ಸುಮ್ಮನೆ ನಿಂತಿರುತ್ತದೆ. ಮೊದಲ ಮಳೆಯ ನಾಲ್ಕು ಹನಿ ಬಿದ್ದದ್ದೇ ತಡ, ಟಪ್ ಟಪ್ ಎಂದು ಒಡೆಯುತ್ತದೆ. ಮಳೆ ಬರುವ ಹೊತ್ತಿಗೇ ನೆಲಕ್ಕೆ ಬೀಜ ಬೀಳಲಿ ಎಂದು ಆ ಕಾಯಿ ಹಾಗೆ ಆಗಿದೆ. ಅದಕ್ಕಾಗಿ ಏಪ್ರಿಲ್‌ನಲ್ಲೇ ಒಣ ತೆನೆ ಕತ್ತರಿಸಿ ಪಾತ್ರೆಗೆ ಹಾಕಿ, ನೀರು ಚಿಮುಕಿಸಿ, ತಟ್ಟೆ ಮುಚ್ಚುತ್ತೇನೆ. ಒಳಗೆ ಜೋಳದ ಅರಳಿನ ಸದ್ದು. ಸದ್ದು ನಿಂತ ಮೇಲೆ ಬೀಜ ಆರಿಸಿ ತಕ್ಷಣ ನೆರಳಿನಲ್ಲಿ ಒಣಗಿಸಬೇಕು. ಒದ್ದೆಯಾಗಿಯೇ ಬಿಟ್ಟರೆ ಲೋಳೆ ಹಿಡಿಯುತ್ತದೆ.

ಡೇರೆ ಅಂಗಳ, ಶಿರಸಿ

ನನ್ನ ಬಳಿ ದೊಡ್ಡ ಹೂವಿನ ಡೆಲ್ಲಿ ಕನಕಾಂಬರ ಇದೆ, ಅದರ ಬೀಜವನ್ನೂ ಸೇರಿಸಿ ಕಳಿಸೋಣವೇ?

ಬೀಜದ ಬುಟ್ಟಿ, ಸಿದ್ದಾಪುರ

ಅದರಲ್ಲಿ ಬೀಜ ಕಟ್ಟುವುದಿಲ್ಲ. ಡೆಲ್ಲಿ ಕನಕಾಂಬರ ಎರಡರ ಬದಲು ಮೂರು ಪ್ರತಿ ವರ್ಣತಂತುಗಳಿರುವ ತಳಿ, ಬಂಜೆ. ಟೊಂಗೆ ಕತ್ತರಿಸಿ ನೆಟ್ಟೇ ಬೆಳೆಸಬೇಕು. ಬೀಜಕ್ಕೆ ಅಂಕೋಲಾದ ಅಕ್ಕನ ಹಳೆಯ ಅಬ್ಬಲಿಗೆಯೇ ಆಗಬೇಕು. ಇನ್ನೊಂದು ಮಾತು: ಹಿಮ ಬಿದ್ದರೆ ಅಬ್ಬಲಿಗೆ ಉಳಿಯುವುದಿಲ್ಲ. ಕುಂಡದಲ್ಲಿ ಬೆಳೆಸಿ ಚಳಿಗೆ ಮನೆಯೊಳಗೆ ಇಡಿ ಎಂದು ಚೀಟಿಯಲ್ಲಿ ಬರೆಯಿರಿ. ಕರ್ಣಕುಂಡಲಕ್ಕೆ ಆ ತೊಂದರೆಯಿಲ್ಲ. ಒಂದೇ ಹಂಗಾಮಿನ ಗಿಡ, ಅಲ್ಲಿ ಹಿಮದ ಕಾಟ ಮುಗಿದ ಮೇಲೆ ಬಿತ್ತಿದರೆ ಬೇಸಿಗೆಯಲ್ಲೇ ಹೂ ಬಿಟ್ಟು ಬೀಜ ಕೊಟ್ಟು ಮುಗಿಸುತ್ತದೆ.

ಹಾದಿಬದಿ, ಹೊನ್ನಾವರ

ಇಷ್ಟೆಲ್ಲ ಏಕೆ? ವಿದೇಶಿ ಅಂಗಡಿಗಳ ಜಾಲತಾಣದಲ್ಲಿ ಅಕ್ವಿಲೇಜಿಯಾ ಹತ್ತಾರು ಬಣ್ಣದಲ್ಲಿ ಸಿಗುತ್ತದೆ, ಲಕೋಟೆಯಲ್ಲಿ ಮನೆಗೇ ಬರುತ್ತದೆ. ಎಲ್ಲರೂ ಸೇರಿ ಒಟ್ಟಿಗೆ ತರಿಸೋಣ.

ಕಾನುಮನೆ, ಶಿರಸಿ

ದಯವಿಟ್ಟು ಬೇಡ. ಹೊರದೇಶದಿಂದ ಬೀಜ ತರಿಸಲು 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಆಮದು ಪರವಾನಗಿ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಅದು ಕಚೇರಿಯವರ ಕಿರುಕುಳಕ್ಕೆಂದು ಮಾಡಿದ ನಿಯಮವಲ್ಲ. ಬೀಜದ ಜೊತೆ ಬರುವ ಶಿಲೀಂಧ್ರ, ವೈರಸ್ ಕಣ್ಣಿಗೆ ಕಾಣುವುದಿಲ್ಲ. ಅಡಿಕೆಗೆ ಕೊಳೆ, ಎಲೆಚುಕ್ಕೆ, ಮೆಣಸಿಗೆ ಸೊರಗು ಎಂದು ಒದ್ದಾಡುತ್ತಿರುವ ನಾವು ಇನ್ನೊಂದು ರೋಗವನ್ನು ಲಕೋಟೆಯಲ್ಲಿ ಕರೆಯಬಾರದು.

ಒಳಗಿನ ವಿನಿಮಯದ ಮಾತು ಬೇರೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ರೈತರಿಗೆ ಬೀಜ ಉಳಿಸುವ, ಬಿತ್ತುವ, ಹಂಚುವ, ವಿನಿಮಯ ಮಾಡುವ ಹಕ್ಕನ್ನು ಕೊಟ್ಟಿದೆ. ಸಂರಕ್ಷಿತ ತಳಿಯನ್ನು ಬ್ರಾಂಡ್ ಹೆಸರಿನಲ್ಲಿ ಮಾರುವಂತಿಲ್ಲ, ಅಷ್ಟೇ. ಶಿರಸಿಯಲ್ಲೇ ವನಸ್ತ್ರೀ ಬಳಗದ ಹೆಂಗಸರು 2001ರಿಂದ ಕೈತೋಟದ ಬೀಜ ಉಳಿಸಿ ಹಂಚುತ್ತಿದ್ದಾರೆ, ಅವರ ಮಲೆನಾಡು ಮೇಳಕ್ಕೆ ಹೋದವರಿಗೆ ಅಲ್ಲಿನ ಸಂಭ್ರಮ ಗೊತ್ತು. ಬೀಜ ಬೇಕಾದರೆ ಅಂಥ ಕಡೆ ಹೋಗಿ, ಕೊಡುವವರ ಮುಖ ನೋಡಿ ತೆಗೆದುಕೊಳ್ಳಿ.

ಹಾದಿಬದಿ, ಹೊನ್ನಾವರ

ನಿಯಮ ತಿಳಿದಿರಲಿಲ್ಲ. ಸರಿ, ತರಿಸುವುದಿಲ್ಲ. ಹಾಗಾದರೆ ಬೆಟ್ಟದಿಂದ ಸೀತಾಳೆ ದಂಡೆಯ ಬುಡ ಒಂದೆರಡು ಕಿತ್ತು ಕೊಡುತ್ತೇನೆ, ಹಿಮಾಚಲಕ್ಕೆ ಅದನ್ನೇ ಕಳಿಸಿ.

ಕಾನುಮನೆ, ಶಿರಸಿ

ಅದೂ ಬೇಡ ತಮ್ಮಾ! ಕಾಡಿನ ಆರ್ಕಿಡ್ ಕೀಳುವುದು ತಪ್ಪು, ಕಿತ್ತದ್ದು ಬದುಕುವುದೂ ಅಪರೂಪ. ಅದರ ಬೀಜ ಧೂಳಿನಷ್ಟು ಸಣ್ಣದು, ಸಂಗ್ರಹದ ಆಹಾರವಿಲ್ಲದ್ದು. ತಕ್ಕ ಶಿಲೀಂಧ್ರದ ನಂಟು ಸಿಕ್ಕಿದರೆ ಮಾತ್ರ ಮೊಳೆಯುತ್ತದೆ. ಒಂದು ದಂಡೆ ಹೂ ಬಿಡುವಷ್ಟಾಗಲು ಎಷ್ಟೋ ವರ್ಷ ಬೇಕು. ಗಾಳಿಗೆ ಮುರಿದುಬಿದ್ದ ಟೊಂಗೆಯ ಮೇಲೆ ಸಿಕ್ಕಿದರೆ ಅದನ್ನು ಹತ್ತಿರದ ಹಲಸಿನ ಕಾಂಡಕ್ಕೆ ತೆಂಗಿನ ನಾರಿನಲ್ಲಿ ಕಟ್ಟಿ, ಅಷ್ಟು ಉಪಕಾರ ಸಾಕು.

ಬೆಟ್ಟದ ಜೇನು, ಸಿದ್ದಾಪುರ

ಮರದ ಮೇಲಿನದ್ದೇ ಬೇಕಿದ್ದರೆ ಮರಕೆಸು ಕಳಿಸಿ. ಅದಕ್ಕೆ ಬೀಜವೂ ಬೇಡ, ಕಡ್ಡಿಯ ಮೇಲೆ ಕೊಕ್ಕೆಯಿರುವ ಸಣ್ಣ ಮರಿಗಡ್ಡೆ ಗುಂಪುಗುಂಪಾಗಿ ಬಿಡುತ್ತದೆ. ಬಟ್ಟೆಗೆ ಅಂಟಿಕೊಂಡು ಮನೆವರೆಗೆ ಬರುತ್ತದೆ.

ಡೇರೆ ಅಂಗಳ, ಶಿರಸಿ

ಮರಕೆಸು ಎಂದ ಕೂಡಲೇ ಪತ್ರೊಡೆ ನೆನಪಾಯಿತು. ನಿಮ್ಮ ಕಡೆ ಹುಳಿಗೆ ಏನು ಹಾಕುತ್ತೀರಿ, ಹುಣಸೆಯೋ ಮುರುಗಲೋ?

ಅಬ್ಬಲಿಗೆ ದಂಡೆ, ಅಂಕೋಲಾ

ಹುಣಸೆ. ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ.

ಹೂದಾನದ ಅತ್ತೆ, ಶಿರಸಿ

ಬರೀ ಹುಳಿ ಸಾಲದು, ಎಲೆ ಚೆನ್ನಾಗಿ ಬೇಯಬೇಕು. ಅರ್ಧ ಬೆಂದ ಪತ್ರೊಡೆಗೆ ಯಾವ ಹುಳಿಯೂ ನೆರವಾಗುವುದಿಲ್ಲ. ಈಗ ಬೀಜದ ಮಾತಿಗೆ ಬನ್ನಿ.

ಮತ್ತಿ ನೆರಳು, ಯಲ್ಲಾಪುರ

ಅಕ್ಕನಿಗೆ ಮದ್ದಿನ ವಿಷಯ ಯಾರೂ ಹೇಳಲಿಲ್ಲ. ನಿಮ್ಮ ಪಟ್ಟಿ ಜಾಗ ಅಡಿಕೆ ಮರಗಳ ಪಕ್ಕದಲ್ಲೇ ಇದ್ದರೆ ಕೊಳೆಗೆ ಬೋರ್ಡೋ ಹೊಡೆಯುವ ದಿನ ಗಮನವಿರಲಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಗೊನೆಗೆ ತಾಗಿದ್ದಕ್ಕಿಂತ ಕೆಳಗೆ ಸುರಿದದ್ದು ಕಡಿಮೆಯೇನಲ್ಲ. ಎಳೆಯ ಎಲೆ, ಜರಿಗಿಡ, ಹಾವಸೆ ಎಲ್ಲದರ ಮೇಲೂ ನೀಲಿ ಪದರ ಕೂರುತ್ತದೆ. ಕುಂಡಗಳನ್ನು ಆ ಬೆಳಿಗ್ಗೆ ಸರಿಸಿಡಿ, ನೆಲದ ಸಸಿಗೆ ಬಾಳೆಎಲೆ ಮುಚ್ಚಿ.

ಎಳೆಯ ಕರ್ಣಕುಂಡಲಕ್ಕೆ ಬಸವನಹುಳುವಿನ ಕಾಟವೂ ಇದೆ. ರಾತ್ರಿ ಬ್ಯಾಟರಿ ಹಿಡಿದು ಹೆಕ್ಕುವುದೇ ಸರಿಯಾದ ದಾರಿ. ಉಪ್ಪು ಚೆಲ್ಲಿದರೆ ಹುಳು ಸಾಯುತ್ತದೆ, ಮಣ್ಣೂ ಕೆಡುತ್ತದೆ.

ಹಿತ್ತಲಂಚು, ಶಿರಸಿ

ಬೋರ್ಡೋ ಮಾತು ಹೇಳಿದ್ದು ದೊಡ್ಡ ಉಪಕಾರ. ಕಳೆದ ವರ್ಷ ಆ ಅಂಚಿನ ಜರಿಗಿಡಗಳು ಒಮ್ಮೆಲೇ ಸುಟ್ಟು ಕರಕಲಾದದ್ದು ಅದಕ್ಕೇ ಇರಬೇಕು.

ಇನ್ನೊಂದು ಸಂದೇಹ. ಹಿಮಾಚಲದ ಆಕೆಯ ಅಂಗಳದಲ್ಲಿ ನೀಲಿ ಮಾತ್ರವಲ್ಲ, ಗುಲಾಬಿ ಬಣ್ಣದ್ದೂ ಇದೆಯಂತೆ. ಈ ಬೀಜದಿಂದ ನೀಲಿಯೇ ಬರುತ್ತದೆಯೇ?

ಬೀಜದ ಬುಟ್ಟಿ, ಸಿದ್ದಾಪುರ

ಖಾತ್ರಿಯಿಲ್ಲ. ಅಕ್ವಿಲೇಜಿಯಾಗಳು ಒಂದರೊಡನೊಂದು ಬಹಳ ಸಲೀಸಾಗಿ ಬೆರೆಯುತ್ತವೆ. ಪಕ್ಕದಲ್ಲಿ ಗುಲಾಬಿ ಇದ್ದರೆ ದುಂಬಿ ಎರಡಕ್ಕೂ ಹೋಗಿರುತ್ತದೆ, ಮಕ್ಕಳು ಯಾವ ಬಣ್ಣಕ್ಕಾದರೂ ಬರಬಹುದು. ಹಿಮಾಲಯದಲ್ಲಿ ಕಾಡು ಜಾತಿಗಳೂ ಇವೆ: ಪಶ್ಚಿಮ ಹಿಮಾಲಯದ ಅಕ್ವಿಲೇಜಿಯಾ ಪ್ಯೂಬಿಫ್ಲೋರಾ, ಕಾಶ್ಮೀರದ ಕಡೆ ಪರಿಮಳದ ಅಕ್ವಿಲೇಜಿಯಾ ಫ್ರಾಗ್ರನ್ಸ್. ನೀಲಿಯೊಳಗೆ ಬಿಳಿ ಎಂದರೆ ಅಮೆರಿಕದ ಕೊಲೊರಾಡೊ ರಾಜ್ಯ 1899ರಲ್ಲಿ ತನ್ನ ಹೂವೆಂದು ಆರಿಸಿಕೊಂಡ ಜಾತಿಯ ರಕ್ತ ಇರಬಹುದು. ಉದ್ಯಾನದ ಮಿಶ್ರತಳಿಗಳಲ್ಲಿ ಅದು ಬಹಳ ಸೇರಿದೆ.

ಕರ್ಣಕುಂಡಲದಲ್ಲೂ ಬಣ್ಣ ಬೆರೆಯುತ್ತದೆ. ಅದಕ್ಕೇ ಪೊಟ್ಟಣದ ಮೇಲೆ ಬರೆಯಬೇಕು: ಯಾವ ಊರು, ಯಾವ ವರ್ಷ, ತಾಯಿಗಿಡದ ಬಣ್ಣ, ಪಕ್ಕದಲ್ಲಿ ಏನಿತ್ತು, ನೆರಳು ಎಷ್ಟು. ಹೆಸರು ಮಾತ್ರ ಬರೆದ ಪೊಟ್ಟಣದಿಂದ ಅರ್ಧ ಪ್ರಯೋಜನವೂ ಇಲ್ಲ. ನಮ್ಮ ಮಳೆಯಲ್ಲಿ, ನಮ್ಮ ನೆರಳಿನಲ್ಲಿ ತಲೆಮಾರುಗಟ್ಟಲೆ ಉಳಿದು ಬಂದ ಗಿಡದ ಬೀಜ ಎಂಬುದೇ ಅದರ ದೊಡ್ಡ ಗುಣ. ಅಂಗಡಿಯ ಬಣ್ಣದ ಪೊಟ್ಟಣಕ್ಕೆ ಆ ಗುಣ ಇಲ್ಲ. ಇಲ್ಲಿ ಬೀಜ ಬದಲಾಯಿಸುವ ಎಲ್ಲರೂ ಇದೊಂದನ್ನು ಪಾಲಿಸಿದರೆ ನಾನು ಬೇರೇನೂ ಕೇಳುವುದಿಲ್ಲ.

ಮತ್ತಿ ನೆರಳು, ಯಲ್ಲಾಪುರ

ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಅಕ್ಕನ ಅಕ್ವಿಲೇಜಿಯಾ ಇಲ್ಲೇ ಬೀಜ ಕಟ್ಟಿದರೆ ಆ ಬೀಜದ ಪೊಟ್ಟಣಕ್ಕೂ ಶಿರಸಿ ಎಂದೇ ಬರೆಯಲಿ, ಮೊದಲು ಕೈಯೊಡ್ಡುವವನು ನಾನು. ಆದರೆ ಬೆಟ್ಟದ ನೆಲಕ್ಕೆ ಇಳಿಸಬೇಡಿ, ಕುಂಡದಲ್ಲೇ ಇರಲಿ.

ಡೇರೆ ಅಂಗಳ, ಶಿರಸಿ

ಅಂತೂ ಕೈಯೊಡ್ಡುವೆ ಎಂದಿರಿ ಅಣ್ಣಾ! ಕುಂಡದ ಮಾತು ನಾನೂ ಒಪ್ಪುತ್ತೇನೆ.

ಕಾಳಿ ದಂಡೆ, ಕಾರವಾರ

ನನಗೆ ಗುಲಾಬಿಯ ಮೇಲೆ ಬಿಳಿ ಗೆರೆಯಿರುವ ಕರ್ಣಕುಂಡಲ ಬೇಕು, ಸುತ್ತು ಹೂವಿನದು. ಅತ್ತೆಯ ಬಳಿ ಇದೆಯೇ? ಬದಲಿಗೆ ಬಿಳಿ ಶಂಖಪುಷ್ಪದ ಬೀಜ ಕೊಡುತ್ತೇನೆ.

ಹೂದಾನದ ಅತ್ತೆ, ಶಿರಸಿ

ಒಂದೇ ಗಿಡವಿದೆ, ನೂಲು ಕಟ್ಟಿದ್ದೇನೆ. ಸುತ್ತು ಹೂವಿನದು ಕಾಯಿ ಕಡಿಮೆ ಕಟ್ಟುತ್ತದೆ, ಮೊದಲ ಪಾಲು ಹಿಮಾಚಲಕ್ಕೆ, ಆಮೇಲೆ ನಿನಗೆ. ಶಂಖಪುಷ್ಪಕ್ಕೆ ಬಿಸಿಲು ಬೇಕು, ನನ್ನಲ್ಲಿ ಬಿಸಿಲಿನ ಜಾಗವಿಲ್ಲ. ಅಬ್ಬಲಿಗೆ ಇದ್ದರೆ ಕೊಡು.

ಅಬ್ಬಲಿಗೆ ದಂಡೆ, ಅಂಕೋಲಾ

ಅಬ್ಬಲಿಗೆ ನಾನು ಕೊಡುತ್ತೇನೆ ಅತ್ತೆ, ಈ ಬೇಸಿಗೆಯದೇ ಬೀಜ. ಹಿಮಾಚಲದ ಪಾಲನ್ನೂ ಬೇರೆ ಕಟ್ಟಿದ್ದೇನೆ. ಚೌತಿಗೆ ತಮ್ಮ ಶಿರಸಿಗೆ ಬರುವವನಿದ್ದಾನೆ, ಅವನ ಕೈಯಲ್ಲಿ ಕಳಿಸಲೇ?

ಹಿತ್ತಲಂಚು, ಶಿರಸಿ

ಕಳಿಸಿ ಅಕ್ಕಾ. ಮಳೆಯಲ್ಲಿ ಬರುತ್ತಾನೆ, ಪೊಟ್ಟಣವನ್ನು ಡಬ್ಬಿಯಲ್ಲಿ ಹಾಕಿ ಕೊಡಿ. ಅಬ್ಬಲಿಗೆಗೆ ದಾರಿಯಲ್ಲಿ ನೀರು ತಾಗುವುದು ಬೇಡ. ಬುಟ್ಟಿಯವರೇ, ಆ ಒದ್ದೆ ಮರಳಿನ ಡಬ್ಬಿಯ ಮುಚ್ಚಳಕ್ಕೆ ತೂತು ಮಾಡಬೇಕೇ?

ಬೀಜದ ಬುಟ್ಟಿ, ಸಿದ್ದಾಪುರ

ಎರಡು ಸೂಜಿತೂತು ಸಾಕು. ಅಕ್ಟೋಬರ್‌ನಲ್ಲಿ ನೆನಪಿಸಿ, ಹೊಳೆ ಮರಳು ಸಿಗದಿದ್ದರೆ ನಾನೇ ತಂದುಕೊಡುತ್ತೇನೆ.